ಬೀವರ್ ಕೊಳಗಳು ಮತ್ತು ಜೌಗುನೆಲದ ಸಸ್ಯಸಂಕುಲ

ಜೀವಿಗಳು ತಾವಿರುವ ಪರಿಸರಕ್ಕೆ ಹೊಂದಿಕೊಂಡು ಬಾಳುತ್ತವೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಪರಿಸರವನ್ನೇ ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಜೀವಿಗಳೂ ಉಂಟು. ಮಣ್ಣನ್ನು ಮಗುಚಿ ಹಾಕುವ ಎರೆಹುಳು, ಹುತ್ತವನ್ನು ಕಟ್ಟುವ ಗೆದ್ದಲು, ಕಡಲೊಳಗೆ ದಿಬ್ಬಗಳನ್ನು ನಿರ್ಮಿಸುವ ಹವಳದ ಜೀವಿ ಇವೆಲ್ಲ ಆ ಬಗೆಯವು. 1994ರಲ್ಲಿ ಕ್ಲೈವ್ ಜೋನ್ಸ್, ಜಾನ್ ಲಾಟನ್ ಮತ್ತು ಮೋಶೆ ಶಚಾಕ್ ಎಂಬ ಮೂವರು ವಿಜ್ಞಾನಿಗಳು ಇಂಥ ಜೀವಿಗಳಿಗೆ ‘ಪರಿಸರ ವ್ಯವಸ್ಥೆಯ ಎಂಜಿನಿಯರುಗಳು’ ಎಂಬ ಹೆಸರನ್ನಿತ್ತರು. ಈ ಹೆಸರಿಗೆ ನಿದರ್ಶನವಾಗಿ ಜೀವವಿಜ್ಞಾನದ ಗ್ರಂಥಗಳು ಮೊದಲು ಎತ್ತಿಕೊಳ್ಳುವ ಪ್ರಾಣಿ ಬೀವರ್.

ಬೀವರ್ ಭಾರತದಲ್ಲಿಲ್ಲ. ನೀರಿನಲ್ಲಿ ಈಜುವ, ದಟ್ಟ ತುಪ್ಪಳದ ಈ ಪ್ರಾಣಿಯ ಚಿತ್ರವನ್ನು ನೋಡಿದವರು ಇದನ್ನು ನೀರುನಾಯಿಯೆಂದು ಭಾವಿಸುವುದುಂಟು. ಅದು ಸರಿಯಲ್ಲ. ಕಾವೇರಿ, ತುಂಗಭದ್ರಾ ನದಿಗಳಲ್ಲಿ ಕಾಣಸಿಗುವ ನೀರುನಾಯಿ ಮೀನು ಹಿಡಿದು ತಿನ್ನುವ ಮಾಂಸಾಹಾರಿ. ಬೀವರ್ ಇಲಿ, ಅಳಿಲು, ಮುಳ್ಳುಹಂದಿಗಳಂತೆ ದಂಶಕ ವರ್ಗಕ್ಕೆ ಸೇರಿದ್ದು ಶುದ್ಧ ಸಸ್ಯಾಹಾರಿ; ಮೀನನ್ನು ಅದು ಮೂಸಿಯೂ ನೋಡುವುದಿಲ್ಲ. ದಂಶಕಗಳಲ್ಲಿ ದಕ್ಷಿಣ ಅಮೆರಿಕದ ಕ್ಯಾಪಿಬಾರವನ್ನು ಬಿಟ್ಟರೆ ಇದೇ ದೊಡ್ಡದು. ಬೆಳೆದ ಬೀವರ್ ಸಾಮಾನ್ಯವಾಗಿ 15ರಿಂದ 30 ಕಿಲೋಗ್ರಾಂ ತೂಗುತ್ತದೆ. ಅದರ ಮುಂಬಲ್ಲುಗಳು ಕಿತ್ತಳೆ ಬಣ್ಣದವು. ಹಲ್ಲಿನ ಹೊರಪದರದಲ್ಲಿ ಕಬ್ಬಿಣದ ಅಂಶವಿರುವುದರಿಂದ ಈ ಬಣ್ಣ ಬಂದಿದೆ, ಗಡಸುತನವೂ ಬಂದಿದೆ. ಉತ್ತರ ಅಮೆರಿಕದಲ್ಲಿ ಒಂದು, ಯೂರೋಪು ಮತ್ತು ಏಷ್ಯದ ಉತ್ತರಭಾಗದಲ್ಲಿ ಇನ್ನೊಂದು, ಹೀಗೆ ಎರಡು ಪ್ರಭೇದಗಳು ಮಾತ್ರ ಇಂದು ಉಳಿದಿವೆ.

ಈ ಪ್ರಾಣಿ ಒಡ್ಡು ಕಟ್ಟುವುದೇಕೆ? ನೆಲದ ಮೇಲೆ ಬೀವರ್ ನಿಧಾನಿ. ತೋಳ, ಕರಡಿಗಳ ಬಾಯಿಗೆ ಸುಲಭವಾದ ತುತ್ತು. ನೀರಿನಲ್ಲಾದರೋ ಅದನ್ನು ಹಿಡಿಯುವುದು ಕಷ್ಟ. ಆದ್ದರಿಂದ ಮೊಣಕಾಲುದ್ದವೂ ನೀರಿಲ್ಲದ ಹಳ್ಳಕ್ಕೆ ಅದು ಮರದ ಕಾಂಡ, ರೆಂಬೆ, ಕಲ್ಲು, ಕೆಸರುಗಳಿಂದ ಅಡ್ಡಕಟ್ಟನ್ನು ಹಾಕಿ ಆಳವಾದ ನೀರನ್ನು ನಿಲ್ಲಿಸುತ್ತದೆ. ಆ ನೀರಿನ ನಡುವೆ ಅಥವಾ ದಡದಲ್ಲಿ ಕಡ್ಡಿಗಳ ಗೂಡನ್ನು ಕಟ್ಟಿ, ಅದರ ಬಾಗಿಲನ್ನು ನೀರಿನ ಮಟ್ಟದ ಕೆಳಗೆ ಇಡುತ್ತದೆ. ಚಳಿಗಾಲದಲ್ಲಿ ಕೊಳದ ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿದಾಗ, ಮೊದಲೇ ನೀರಿನ ತಳದಲ್ಲಿ ಕೂಡಿಟ್ಟ ರೆಂಬೆಗಳ ತೊಗಟೆಯನ್ನು ತಿಂದು ಕುಟುಂಬ ಬದುಕುತ್ತದೆ. ಒಡ್ಡಿನ ಎತ್ತರ ಹೆಚ್ಚಿನ ಕಡೆ ಒಂದೆರಡು ಮೀಟರಿಗಿಂತ ಮೀರುವುದಿಲ್ಲ. ಉದ್ದ ಮಾತ್ರ ನೆಲದ ಇಳಿಜಾರನ್ನು ಅವಲಂಬಿಸಿರುತ್ತದೆ. ಕೆನಡ ದೇಶದ ವುಡ್ ಬಫೆಲೊ ರಾಷ್ಟ್ರೀಯ ಉದ್ಯಾನದಲ್ಲಿರುವ ಒಂದು ಒಡ್ಡು 750 ಮೀಟರಿಗೂ ಹೆಚ್ಚು ಉದ್ದವಾಗಿದ್ದು, 2007ರಲ್ಲಿ ಉಪಗ್ರಹದ ಚಿತ್ರಗಳ ಮೂಲಕವೇ ಅದು ಹೊರಜಗತ್ತಿನ ಗಮನಕ್ಕೆ ಬಂದಿತು.

ಕೆರೆಯ ಏರಿಯನ್ನೂ ಕೋಡಿಯನ್ನೂ ಕಂಡು ಬಲ್ಲ ಕನ್ನಡಿಗರಿಗೆ ಬೀವರಿನ ಒಡ್ಡನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ವ್ಯತ್ಯಾಸವೆಂದರೆ ಇದು ಸೋರುವ ಏರಿ. ನೀರು ಕಡ್ಡಿಗಳ ಸಂದಿನಲ್ಲಿ ಒಸರುತ್ತಲೇ ಇರುತ್ತದೆ, ಪಕ್ಕಗಳಿಂದ ಬಳಸಿ ಹರಿಯುತ್ತದೆ, ಒಡ್ಡಿನ ಕೆಳಗೂ ನೆಲವನ್ನು ಹಸಿಯಾಗಿಡುತ್ತದೆ. ಸಸ್ಯಗಳ ದೃಷ್ಟಿಯಿಂದ ಈ ಸೋರಿಕೆಯೇ ದೊಡ್ಡ ಲಾಭ.

ನೀರು ನಿಂತಾಗ ಬೇರಿಗೆ ಏನಾಗುತ್ತದೆ?

ಒಡ್ಡಿನ ಹಿಂದೆ ನೀರು ಹರಡಿದಂತೆ ದಡದ ಕಾಡು ಮುಳುಗುತ್ತದೆ. ಸಸ್ಯದ ಬೇರು ಸಹ ಉಸಿರಾಡುವ ಅಂಗವೇ. ಒಣ ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಅದಕ್ಕೆ ಆಮ್ಲಜನಕ ದೊರೆಯುತ್ತದೆ. ಆ ಸಂದುಗಳನ್ನು ನೀರು ತುಂಬಿದೊಡನೆ ಪರಿಸ್ಥಿತಿ ಬದಲಾಗುತ್ತದೆ, ಏಕೆಂದರೆ ಆಮ್ಲಜನಕ ನೀರಿನ ಮೂಲಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನಲ್ಲಿದ್ದ ಸೂಕ್ಷ್ಮಾಣುಗಳು ಅಳಿದುಳಿದ ಆಮ್ಲಜನಕವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಅನಂತರ ಅವು ನೈಟ್ರೇಟನ್ನು, ಅದು ತೀರಿದ ಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಸಂಯುಕ್ತಗಳನ್ನು, ಬಳಿಕ ಗಂಧಕದ ಲವಣಗಳನ್ನು ಬಳಸಿಕೊಳ್ಳುತ್ತ ಹೋಗಿ, ಕೊನೆಗೆ ಮೀಥೇನ್ ಅನಿಲವನ್ನು ಉತ್ಪಾದಿಸುವ ಹಂತ ಮುಟ್ಟುತ್ತವೆ. ಹಳೆಯ ಕೆರೆಯ ಕೆಸರನ್ನು ಕೋಲಿನಿಂದ ಕದಡಿದಾಗ ಮೇಲೇಳುವ ಗುಳ್ಳೆಗಳು ಬಹುಮಟ್ಟಿಗೆ ಇವೇ.

ಉಸಿರುಕಟ್ಟಿದ ಈ ಮಣ್ಣಿನಲ್ಲಿ ಸ್ಪ್ರೂಸ್, ಫರ್ ಮುಂತಾದ ಸೂಚಿಪರ್ಣಿ ಮರಗಳು ಒಂದೆರಡು ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ವರ್ಷಗಳಲ್ಲಿ ಸತ್ತುಹೋಗುತ್ತವೆ. ಅವುಗಳ ಬಿಳಿಚಿದ ಬೋಳು ಕಾಂಡಗಳು ಮಾತ್ರ ನೀರಿನ ನಡುವೆ ಬಹುಕಾಲ ನಿಂತಿರುತ್ತವೆ. ನೋಡಿದವರಿಗೆ ಇದು ಸ್ಮಶಾನದಂತೆ ತೋರಿದರೂ ಆಶ್ಚರ್ಯವಿಲ್ಲ. ಆದರೆ ಮರಗಳ ಮೇಲಾವರಣ ಹೋದುದರಿಂದ, ಅದುವರೆಗೆ ನೆರಳಿನಲ್ಲಿದ್ದ ನೆಲಕ್ಕೂ ನೀರಿಗೂ ನೇರ ಬಿಸಿಲು ಬೀಳುತ್ತದೆ. ಹಳ್ಳ ಹೊತ್ತು ತಂದ ಹೂಳು ನಿಂತ ನೀರಿನಲ್ಲಿ ತಳಕ್ಕಿಳಿದು ಸಾರಜನಕ, ರಂಜಕಗಳ ಸಂಗ್ರಹ ಬೆಳೆಯುತ್ತದೆ. ಬಿಸಿಲು, ನೀರು, ಗೊಬ್ಬರ ಮೂರೂ ಒಂದೆಡೆ ಸೇರಿದ ಈ ತಾಣಕ್ಕೆ ಬೇಕಾದುದು ಉಸಿರುಕಟ್ಟಿದ ಮಣ್ಣಿನಲ್ಲೂ ಬದುಕಬಲ್ಲ ಸಸ್ಯ.

ಅಂಥ ಸಸ್ಯದ ರಚನೆ ಓದುಗರಿಗೆ ಅಪರಿಚಿತವಲ್ಲ. ದೆಹಲಿಯ ತರಕಾರಿ ಮಾರುಕಟ್ಟೆಯಲ್ಲಿ ‘ಕಮಲ್ ಕಕ್ಡಿ’ ಎಂದು ಮಾರುವ ತಾವರೆಯ ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಅದರೊಳಗೆ ಸುತ್ತಲೂ ಜೋಡಿಸಿಟ್ಟಂತಿರುವ ರಂಧ್ರಗಳು ಕಾಣುತ್ತವೆ. ಅವು ಗಾಳಿಯ ಕೊಳವೆಗಳು. ನೀರಿನ ಮೇಲಿರುವ ಎಲೆಗಳು ಹೀರಿದ ಗಾಳಿ ದಂಟಿನ ಮೂಲಕ ಇಳಿದು ಕೆಸರಿನೊಳಗಿನ ಗೆಡ್ಡೆಗೂ ಬೇರಿಗೂ ತಲುಪುತ್ತದೆ. ಬೀವರ್ ಕೊಳದಲ್ಲಿ ಬೆಳೆಯುವ ನೈದಿಲೆ, ನಮ್ಮ ಕೆರೆಯಂಚಿನ ಆಪಿನ ಬಳಗದ ಟೈಫಾ, ಜೇಕಿನ ಕುಟುಂಬದ ಸೆಡ್ಜ್ ಹುಲ್ಲುಗಳು ಇವೆಲ್ಲವುಗಳಲ್ಲಿಯೂ ಇದೇ ಬಗೆಯ ವಾಯುಮಾರ್ಗಗಳಿವೆ. ಬೇರಿನ ತುದಿಯಿಂದ ಸೋರುವ ಅಲ್ಪ ಆಮ್ಲಜನಕ ಸುತ್ತಲಿನ ಕೆಸರಿನ ವಿಷಾಂಶವನ್ನೂ ಒಂದಿಷ್ಟು ತಗ್ಗಿಸುತ್ತದೆ.

ಕೊಳದ ಪಟ್ಟೆಗಳು

ಹೊಸ ಕೊಳದಲ್ಲಿ ಸಸ್ಯಗಳು ಆಳಕ್ಕೆ ತಕ್ಕಂತೆ ಪಟ್ಟೆಪಟ್ಟೆಯಾಗಿ ನೆಲೆಗೊಳ್ಳುತ್ತವೆ. ನಡುವಿನ ಆಳದಲ್ಲಿ ಪೂರ್ತಿ ಮುಳುಗಿ ಬೆಳೆಯುವ ಪೊಟಮೊಜೆಟಾನ್, ಬೇರಿಲ್ಲದೆ ತೇಲುತ್ತ ಪುಟ್ಟ ಚೀಲಗಳಲ್ಲಿ ನೀರುಹುಳುಗಳನ್ನು ಹಿಡಿಯುವ ಯುಟ್ರಿಕ್ಯುಲೇರಿಯ. ಅದರ ಈಚೆಗೆ ನೈದಿಲೆಯ ಎಲೆಗಳು, ಕಾಳಿನಷ್ಟು ಚಿಕ್ಕ ಲೆಮ್ನಾದ ಹಸಿರು ಹಾಸು. ಇನ್ನೂ ಈಚೆಗೆ, ಕಾಲು ನೀರಿನಲ್ಲಿ ತಲೆ ಗಾಳಿಯಲ್ಲಿ ಇಟ್ಟು ನಿಂತ ಟೈಫಾ ಮತ್ತು ಸೆಡ್ಜ್. ಅಂಚಿನಲ್ಲಿ ಆಲ್ಡರ್, ವಿಲ್ಲೋ ಪೊದೆಗಳ ಬಳೆ. ವಿಲ್ಲೋ ಎಂದರೆ ಕಾಶ್ಮೀರದಲ್ಲಿ ಕ್ರಿಕೆಟ್ ಬ್ಯಾಟು ತಯಾರಿಸುವ ಮರದ ಬಳಗವೇ. ನೀರಿನ ಮಟ್ಟದಲ್ಲಿ ಒಂದು ಗೇಣಿನ ವ್ಯತ್ಯಾಸವಾದರೂ ಈ ಪಟ್ಟೆಗಳು ಸರಿದಾಡುತ್ತವೆ. ಒಡ್ಡನ್ನು ವರ್ಷವರ್ಷವೂ ದುರಸ್ತಿ ಮಾಡುವ, ಎತ್ತರಿಸುವ, ಕೆಲವೊಮ್ಮೆ ಅಲಕ್ಷಿಸುವ ಪ್ರಾಣಿಯ ಕೈಯಲ್ಲಿ ನೀರಿನ ಮಟ್ಟ ಒಂದೇ ರೀತಿ ನಿಲ್ಲುವುದೂ ಇಲ್ಲ.

ಬೀವರ್ ಇಲ್ಲಿ ನೀರು ನಿಲ್ಲಿಸಿ ಸುಮ್ಮನಿರುವ ಪ್ರಾಣಿಯಲ್ಲವೆಂಬುದನ್ನು ಮರೆಯಬಾರದು. ಅದು ತಿನ್ನುತ್ತದೆ, ಅದೂ ಆರಿಸಿ ತಿನ್ನುತ್ತದೆ. ದಡದ ಮರಗಳಲ್ಲಿ ಆಸ್ಪೆನ್, ಪಾಪ್ಲರ್, ವಿಲ್ಲೋಗಳು ಅದಕ್ಕೆ ಪ್ರಿಯ. ಸೂಚಿಪರ್ಣಿಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಲ್ಡರನ್ನು ತಿನ್ನುವುದಕ್ಕಿಂತ ಕಟ್ಟಡಕ್ಕೆ ಬಳಸುವುದೇ ಹೆಚ್ಚು. ನೀರಿನಿಂದ ದೂರ ಹೋದಷ್ಟೂ ಅಪಾಯವಾದ್ದರಿಂದ ಅದರ ಕಡಿತ ಬಹುಪಾಲು ದಡದಿಂದ ಕೆಲವು ಹತ್ತು ಮೀಟರುಗಳೊಳಗೇ ಮುಗಿಯುತ್ತದೆ. ಹೀಗಾಗಿ ಕೊಳದ ಸುತ್ತ, ತಿನ್ನಲಾಗದ ಮರಗಳು ಉಳಿದು ತಿನ್ನುವ ಮರಗಳು ಮೋಟಾಗಿ ಮತ್ತೆ ಚಿಗುರುವ ಒಂದು ವಿಶಿಷ್ಟ ಪಟ್ಟಿ ಏರ್ಪಡುತ್ತದೆ. ವಿಲ್ಲೋ ಮತ್ತು ಆಸ್ಪೆನ್ ಕಡಿದಷ್ಟೂ ಬುಡದಿಂದಲೋ ಬೇರಿನಿಂದಲೋ ಚಿಗುರುವ ಜಾತಿಗಳು. ನಾಟಿ ಹಾಕಿದ ವಿಲ್ಲೋ ಕಡ್ಡಿ ಬೇರು ಬಿಡುವಂತೆ, ಒಡ್ಡಿಗೆ ಸಿಕ್ಕಿಸಿದ ಹಸಿ ರೆಂಬೆಯೂ ಎಷ್ಟೋ ವೇಳೆ ಅಲ್ಲಿಯೇ ಬೇರೂರಿ ಒಡ್ಡನ್ನು ಬಿಗಿಗೊಳಿಸುತ್ತದೆ. ನೀರಿನೊಳಗಿನ ಸಸ್ಯಗಳನ್ನೂ ಬೀವರ್ ಬಿಡುವುದಿಲ್ಲ. ಅಮೆರಿಕದ ಜಾರ್ಜಿಯ ರಾಜ್ಯದ ಒಂದು ಜೌಗುನೆಲದಲ್ಲಿ ಕೆಲವು ಭಾಗಗಳಿಗೆ ಬೀವರ್ ಬಾರದಂತೆ ಬೇಲಿ ಹಾಕಿ ಹೋಲಿಸಿ ನೋಡಿದಾಗ, ಬೇಲಿಯ ಹೊರಗೆ ಜಲಸಸ್ಯಗಳ ರಾಶಿ ಸುಮಾರು ಶೇಕಡ 60ರಷ್ಟು ಕಡಿಮೆಯಾಗಿತ್ತೆಂದು 2007ರಲ್ಲಿ ವರದಿಯಾಯಿತು. ಒಂದೇ ಬಲಿಷ್ಠ ಸಸ್ಯ ಇಡೀ ಕೊಳವನ್ನು ಆಕ್ರಮಿಸುವುದಕ್ಕೆ ಈ ಮೇಯುವಿಕೆಯೂ ಒಂದು ತಡೆ.

ತ್ಯಜಿಸಿದ ಕೊಳ

ಒಂದು ಕುಟುಂಬ ಕೆಲವು ವರ್ಷಗಳಲ್ಲಿ ಅಥವಾ ಕೆಲವು ದಶಕಗಳಲ್ಲಿ ಸುತ್ತಲಿನ ಮೆಚ್ಚಿನ ಮರಗಳನ್ನು ಮುಗಿಸಿ ಬೇರೆಡೆಗೆ ಹೊರಡುತ್ತದೆ. ದುರಸ್ತಿಯಿಲ್ಲದ ಒಡ್ಡು ಒಂದು ದಿನ ಬಿರಿಯುತ್ತದೆ. ನೀರು ಇಳಿದು ಕೆಸರು ಬಯಲಾಗುತ್ತದೆ. ಇಲ್ಲಿಂದ ಮುಂದಿನ ಕಥೆ ಬೀವರ್ ಕೊಳಗಳ ಅಧ್ಯಯನದಲ್ಲಿಯೇ ಅತ್ಯಂತ ಕುತೂಹಲಕರವಾದುದೆನ್ನಬೇಕು.

ಆ ಕೆಸರು ಬರಿದಲ್ಲ. ಕೊಳವಿದ್ದ ಕಾಲದಲ್ಲಿ ಗಾಳಿ, ನೀರು, ಹಕ್ಕಿಗಳು ತಂದು ಹಾಕಿದ ಬೀಜಗಳು ಆಮ್ಲಜನಕವಿಲ್ಲದ ತಳದಲ್ಲಿ ಕೊಳೆಯದೆ, ಮೊಳೆಯದೆ ಉಳಿದಿರುತ್ತವೆ. ಸಸ್ಯಶಾಸ್ತ್ರಜ್ಞರು ಇದನ್ನು ಬೀಜನಿಧಿ ಎನ್ನುತ್ತಾರೆ. ನೀರು ಸರಿದು ಬಿಸಿಲು ತಾಗಿದ ಕೆಲವೇ ವಾರಗಳಲ್ಲಿ ಕೆಸರಿನ ತುಂಬ ಜುಂಕಸ್, ಸೆಡ್ಜ್, ಬೈಡೆನ್ಸ್ ಮುಂತಾದವುಗಳ ಸಸಿಗಳು ಎದ್ದು ನಿಲ್ಲುತ್ತವೆ. ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳ ಹಸಿರಾಗುವುದನ್ನು ಕಂಡವರಿಗೆ ಇದರ ವೇಗ ಅರ್ಥವಾದೀತು. ಮುಂದೆ ಒಂದೆರಡು ವರ್ಷಗಳಲ್ಲಿ ಕೆನಡದ ನೀಲಿಹುಲ್ಲು ಎಂದು ಕರೆಯಬಹುದಾದ ಕ್ಯಾಲಮಗ್ರಾಸ್ಟಿಸ್ ಮತ್ತು ಸೆಡ್ಜ್‌ಗಳು ಸೇರಿ ಸೊಂಟದೆತ್ತರದ ಹುಲ್ಲುಗಾವಲನ್ನು ನಿರ್ಮಿಸುತ್ತವೆ. ‘ಬೀವರ್ ಹುಲ್ಲುಗಾವಲು’ ಎಂಬ ಹೆಸರು ಅಮೆರಿಕದಲ್ಲಿ ಬಹಳ ಹಳೆಯದು. ಅಲ್ಲಿಗೆ ಮೊದಲು ವಲಸೆಹೋದ ಯೂರೋಪಿನ ರೈತರು ಕಾಡು ಕಡಿದು ಹೊಲ ಮಾಡುವ ಮುನ್ನ ತಮ್ಮ ದನಗಳಿಗೆ ಚಳಿಗಾಲದ ಒಣಹುಲ್ಲನ್ನು ಕೊಯ್ದುಕೊಳ್ಳುತ್ತಿದ್ದುದು ಇಂಥ ಗಾವಲುಗಳಲ್ಲಿಯೇ.

ಸುತ್ತಲೂ ದಟ್ಟ ಕಾಡಿರುವಾಗ ಈ ಹುಲ್ಲುಗಾವಲು ಬೇಗನೆ ಮತ್ತೆ ಕಾಡಾಗಬೇಕಲ್ಲವೇ? ಅನೇಕ ಕಡೆ ಹಾಗಾಗುವುದಿಲ್ಲ, ದಶಕಗಟ್ಟಲೆ ಹುಲ್ಲುಗಾವಲಾಗಿಯೇ ಉಳಿಯುತ್ತದೆ. ತೇವವೂ ಹುಲ್ಲಿನ ದಟ್ಟಣೆಯೂ ಕಾರಣಗಳೆಂಬುದು ಸರಿಯೇ. ಆದರೆ ಮಿನೆಸೊಟ ರಾಜ್ಯದ ವಾಯೇಜರ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಟರ್ವಿಲಿಗರ್ ಮತ್ತು ಪಾಸ್ಟರ್ ಎಂಬ ಸಂಶೋಧಕರು 1999ರಲ್ಲಿ ಇನ್ನೊಂದು ಕಾರಣವನ್ನು ಮುಂದಿಟ್ಟರು. ಸ್ಪ್ರೂಸ್, ಫರ್ ಸಸಿಗಳ ಬೇರಿಗೆ ಕೆಲವು ಶಿಲೀಂಧ್ರಗಳ ಸಹವಾಸವಿಲ್ಲದಿದ್ದರೆ ಮಣ್ಣಿನಿಂದ ಪೋಷಕಾಂಶಗಳು ಸಾಕಷ್ಟು ಸಿಗುವುದಿಲ್ಲ. ಹಲವು ವರ್ಷ ಮುಳುಗಿದ್ದ ಮಣ್ಣಿನಲ್ಲಿ ಆ ಶಿಲೀಂಧ್ರಗಳು ಅಳಿದಿರುತ್ತವೆ. ಅವುಗಳ ಬೀಜಕಣಗಳನ್ನು ಹೊಸ ಜಾಗಕ್ಕೆ ಒಯ್ಯುವ ಒಂದು ವಾಹನವೆಂದರೆ ಕೆಂಪುಬೆನ್ನಿನ ವೋಲ್ ಎಂಬ ಪುಟ್ಟ ಕಾಡಿಲಿ. ನೆಲದೊಳಗಿನ ಅಣಬೆಗಳನ್ನು ತಿಂದು ಹಿಕ್ಕೆಯ ಮೂಲಕ ಅದು ಬೀಜಕಣಗಳನ್ನು ಹರಡುತ್ತದೆ. ಈ ಇಲಿ ಕಾಡಿನ ನೆರಳನ್ನು ಬಿಟ್ಟು ಬಯಲು ಹುಲ್ಲುಗಾವಲಿಗೆ ಹೆಚ್ಚಾಗಿ ಬರುವುದಿಲ್ಲ. ಇಲಿ ಬಾರದ್ದರಿಂದ ಅಣಬೆಯಿಲ್ಲ, ಅಣಬೆಯಿಲ್ಲದ್ದರಿಂದ ಮರವಿಲ್ಲ. ಒಂದು ದಂಶಕ ಮಾಡಿದ ಬಯಲನ್ನು ಮತ್ತೊಂದು ದಂಶಕದ ಅಂಜಿಕೆ ಕಾಪಾಡುತ್ತಿದೆ ಎಂದರೆ ತಪ್ಪಾಗದು.

ಎಷ್ಟು ಜಾತಿ, ಎಲ್ಲಿ?

ಬೀವರಿನಿಂದ ಸಸ್ಯವೈವಿಧ್ಯ ಹೆಚ್ಚುತ್ತದೆ ಎಂಬ ಮಾತನ್ನು ಎಚ್ಚರಿಕೆಯಿಂದ ಅರ್ಥಮಾಡಿಕೊಳ್ಳಬೇಕು. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಸೀಮೆಯಲ್ಲಿ ರೈಟ್, ಜೋನ್ಸ್, ಫ್ಲೆಕರ್ ಎಂಬವರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ದಾರಿ ತೋರುವಂಥದು. ಬೀವರ್ ಕೊಳ ಅಥವಾ ಹುಲ್ಲುಗಾವಲಿನ ಒಂದು ತುಂಡನ್ನೂ ಬೀವರ್ ಮುಟ್ಟದ ಹಳ್ಳದ ದಡದ ಒಂದು ತುಂಡನ್ನೂ ಬೇರೆಬೇರೆಯಾಗಿ ಎಣಿಸಿದರೆ, ಮೊದಲಿನದು ಎರಡನೆಯದಕ್ಕಿಂತ ಶ್ರೀಮಂತವೆಂದು ಹೇಳುವಂತಿಲ್ಲ. ಆದರೆ ಒಂದರಲ್ಲಿರುವ ಸಸ್ಯಗಳು ಮತ್ತೊಂದರಲ್ಲಿಲ್ಲ. ಎರಡನ್ನೂ ಒಟ್ಟುಗೂಡಿಸಿ ಇಡೀ ಪ್ರದೇಶದ ಪಟ್ಟಿ ಮಾಡಿದಾಗ, ಬೀವರ್ ಇರುವುದರಿಂದಾಗಿ ಹಳ್ಳದ ದಡದ ಮೂಲಿಕೆ ಸಸ್ಯಗಳ ಜಾತಿಗಳು ಶೇಕಡ 33ಕ್ಕಿಂತ ಹೆಚ್ಚು ಅಧಿಕವಾಗಿದ್ದವು. ಅಂದರೆ ಲಾಭವಿರುವುದು ಯಾವುದೇ ಒಂದು ಕೊಳದಲ್ಲಲ್ಲ. ಹೊಸ ಕೊಳ, ಹಳೆಯ ಕೊಳ, ಒಡೆದ ಕೊಳ, ಹುಲ್ಲುಗಾವಲು, ಮುಟ್ಟದ ಕಾಡು ಇವು ಅಕ್ಕಪಕ್ಕದಲ್ಲಿ ಇರುವುದರಲ್ಲಿ. ಇಡೀ ಕಣಿವೆಯೇ ಕೊಳವಾದರೂ ವೈವಿಧ್ಯ ಕುಗ್ಗುತ್ತದೆ, ಒಂದೂ ಕೊಳವಿಲ್ಲದಿದ್ದರೂ ಕುಗ್ಗುತ್ತದೆ.

ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದ ಅನುಭವ ಬೇರೆ ಬಗೆಯದು. ಅಲ್ಲಿ ಬೇಸಾಯಕ್ಕೆಂದು ಹಿಂದೆ ನೀರು ಬಸಿದು ಒಣಗಿಸಿದ್ದ ಹುಲ್ಲುನೆಲಕ್ಕೆ ಬೀವರುಗಳನ್ನು ಬಿಟ್ಟು ಹನ್ನೆರಡು ವರ್ಷಗಳ ಕಾಲ ಸಸ್ಯಗಳನ್ನು ಎಣಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪ್ರತಿ ಮಾದರಿ ಚೌಕದಲ್ಲಿ ಜಾತಿಗಳ ಸರಾಸರಿ ಸಂಖ್ಯೆ ಶೇಕಡ 46ರಷ್ಟು ಏರಿತ್ತು; ಒಟ್ಟಾರೆ ಕಂಡುಬಂದ ಜಾತಿಗಳು ಎರಡುಪಟ್ಟಿಗಿಂತ ಹೆಚ್ಚಾಗಿದ್ದವು. ಕೆಟ್ಟ ನೆಲ ಸುಧಾರಿಸಿದಾಗ ಏರಿಕೆ ಎದ್ದುಕಾಣುವುದು ಸಹಜ.

ಟೋಪಿಗಾಗಿ ಬತ್ತಿದ ಜೌಗುನೆಲ

ಬೀವರಿನ ಒಳತುಪ್ಪಳದಿಂದ ಒತ್ತಿ ತಯಾರಿಸಿದ ಫೆಲ್ಟ್ ಬಟ್ಟೆ ನೀರಿಗೆ ಜಗ್ಗುವುದಿಲ್ಲ, ಆಕಾರ ಕೆಡುವುದಿಲ್ಲ. ಯೂರೋಪಿನ ಗಣ್ಯರ ಟೋಪಿಗಳಿಗೆ ಇದೇ ಬೇಕಾಯಿತು. ಯೂರೋಪಿನ ಬೀವರುಗಳು ಬಹುಪಾಲು ಮುಗಿದ ಮೇಲೆ ವರ್ತಕರು ಉತ್ತರ ಅಮೆರಿಕದತ್ತ ತಿರುಗಿದರು. 1670ರಲ್ಲಿ ಇಂಗ್ಲೆಂಡಿನ ರಾಜನ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಯ ಮುಖ್ಯ ಸರಕು ಬೀವರ್ ಚರ್ಮವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ರೇಷ್ಮೆಯ ಟೋಪಿ ಬಳಕೆಗೆ ಬಂದು ಬೇಡಿಕೆ ಇಳಿಯಿತು. ಆದರೆ ಆ ವೇಳೆಗೆ ಖಂಡದ ಬಹುಭಾಗದಲ್ಲಿ ಬೀವರ್ ಅಪರೂಪವಾಗಿತ್ತು. ಯೂರೋಪು, ಏಷ್ಯಗಳಲ್ಲಿ 1900ರ ಸುಮಾರಿಗೆ ಉಳಿದಿದ್ದವು ಸುಮಾರು 1,200 ಮಾತ್ರ. ಪ್ರಾಣಿ ಹೋದೆಡೆ ಒಡ್ಡುಗಳೂ ಹೋದವು. ಹಳ್ಳಗಳು ನೇರವಾಗಿ, ರಭಸವಾಗಿ ಹರಿದು ತಳವನ್ನು ಕೊರೆದವು. ಅಂತರ್ಜಲ ಇಳಿಯಿತು. ಜೌಗುನೆಲದ ಸಸ್ಯಗಳು ಎಷ್ಟು ಜಾಗವನ್ನು ಕಳೆದುಕೊಂಡವೆಂಬುದನ್ನು ಆಗ ಯಾರೂ ಅಳೆಯಲಿಲ್ಲ.

ಒಬ್ಬಾತನ ಶ್ರಮ ಮಾತ್ರ ಉಳಿದುಬಂದಿದೆ. ಮಾನವಶಾಸ್ತ್ರಜ್ಞನೆಂದು ಪ್ರಸಿದ್ಧನಾದ ಲೂಯಿಸ್ ಹೆನ್ರಿ ಮಾರ್ಗನ್, ಸುಪೀರಿಯರ್ ಸರೋವರದ ದಕ್ಷಿಣಕ್ಕೆ ರೈಲುಮಾರ್ಗ ಹಾಕುತ್ತಿದ್ದ ಕಾಲದಲ್ಲಿ ಆ ಕಾಡಿನ ಬೀವರ್ ಒಡ್ಡುಗಳನ್ನು ಗಮನಿಸಿ, ಅವುಗಳ ನಕಾಶೆಯೊಡನೆ 1868ರಲ್ಲಿ ಒಂದು ಗ್ರಂಥ ಪ್ರಕಟಿಸಿದನು. ಸುಮಾರು ನೂರೈವತ್ತು ವರ್ಷಗಳ ತರುವಾಯ ಕ್ಯಾರಲ್ ಜಾನ್ಸ್ಟನ್ ಎಂಬ ವಿಜ್ಞಾನಿ ಆ ನಕಾಶೆಯನ್ನು ಇಂದಿನ ವೈಮಾನಿಕ ಚಿತ್ರಗಳೊಡನೆ ಹೋಲಿಸಿದಾಗ, ಅದರಲ್ಲಿದ್ದ ಒಡ್ಡು ಕೊಳಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಈಗಲೂ ಗುರುತಿಸುವಂತಿದ್ದವು. ನಡುವೆ ಎಷ್ಟೋ ತಲೆಮಾರುಗಳ ಬೀವರುಗಳು ಅಳಿದು ಮರಳಿ ಬಂದಿರಬೇಕು. ಸ್ಥಳ ಮಾತ್ರ ಅದೇ. ಮರಳುವಿಕೆಯ ವೇಗಕ್ಕೆ ಮಿನೆಸೊಟದ ಕಬೆಟೊಗಾಮ ಪರ್ಯಾಯದ್ವೀಪ ಸಾಕ್ಷಿ. 1940ರಲ್ಲಿ ಅಲ್ಲಿ ಬೀವರ್ ಕೊಳಗಳಡಿಯಲ್ಲಿದ್ದ ನೆಲ ಶೇಕಡ ಒಂದು. 1986ರಲ್ಲಿ ಶೇಕಡ 13.

ಎಲ್ಲೆಡೆಯೂ ಮರಳುವಿಕೆ ಇಷ್ಟು ಸಲೀಸಲ್ಲ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದ ವೇಳೆಗೆ ತೋಳಗಳನ್ನು ನಿರ್ಮೂಲ ಮಾಡಲಾಯಿತು. ಹೆದರಿಕೆಯಿಲ್ಲದ ಎಲ್ಕ್ ಜಿಂಕೆಗಳು ಹೆಚ್ಚಿ ವಿಲ್ಲೋಗಳನ್ನು ನೆಲಮಟ್ಟಕ್ಕೆ ಮೇಯ್ದವು. ವಿಲ್ಲೋ ಇಲ್ಲದ ಕಡೆ ಬೀವರಿಗೆ ಊಟವೂ ಇಲ್ಲ, ಕಟ್ಟಲು ಸಾಮಗ್ರಿಯೂ ಇಲ್ಲ. ಉದ್ಯಾನದ ಉತ್ತರಭಾಗದ ಸಣ್ಣ ಹಳ್ಳಗಳಿಂದ ಅದು ಮರೆಯಾಯಿತು. ಒಡ್ಡಿಲ್ಲದ ಹಳ್ಳ ತಳ ಕೊರೆದುಕೊಂಡು ಆಳಕ್ಕಿಳಿಯಿತು. 1995 ಮತ್ತು 1996ರಲ್ಲಿ ತೋಳಗಳನ್ನು ತಂದು ಬಿಟ್ಟಾಗ ಎಲ್ಲವೂ ಹಿಂದಿನಂತಾಗುವುದೆಂಬ ನಿರೀಕ್ಷೆ ಬಹು ಜನರಲ್ಲಿತ್ತು. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವರ್ಷಗಳ ಪ್ರಯೋಗ ನಡೆಸಿ 2013ರಲ್ಲಿ ತಿಳಿಸಿದ್ದೇ ಬೇರೆ. ಜಿಂಕೆ ಬಾರದಂತೆ ಬೇಲಿ ಹಾಕಿದರಷ್ಟೇ ವಿಲ್ಲೋ ಎತ್ತರಕ್ಕೆ ಬೆಳೆಯಲಿಲ್ಲ. ಬೇಲಿಯೊಡನೆ ಕೃತಕ ಒಡ್ಡನ್ನೂ ಕಟ್ಟಿ ಅಂತರ್ಜಲವನ್ನು ಮೇಲೆತ್ತಿದ ಕಡೆ ಮಾತ್ರ ಚೆನ್ನಾಗಿ ಬೆಳೆಯಿತು. ವಿಲ್ಲೋ ಬೇಕಾದರೆ ಒಡ್ಡು ಬೇಕು, ಒಡ್ಡಿಗೆ ಬೀವರ್ ಬೇಕು, ಬೀವರಿಗೆ ವಿಲ್ಲೋ ಬೇಕು. ಮುರಿದ ಈ ಸರಪಣಿ ತಾನಾಗಿ ಕೂಡಿಕೊಳ್ಳುವುದು ದುಸ್ತರ.

ಅಸ್ಥಾನದಲ್ಲಿ ಬೀವರ್

ಇದುವರೆಗಿನ ವಿವರಗಳಿಂದ ಬೀವರನ್ನು ಎಲ್ಲೆಡೆ ಬಿಟ್ಟರೆ ಒಳಿತೇ ಆಗುವುದೆಂದು ತೀರ್ಮಾನಿಸುವುದು ಅವಸರದ ಮಾತಾದೀತು. 1946ರಲ್ಲಿ ಅರ್ಜೆಂಟೀನ ಸರ್ಕಾರ ತುಪ್ಪಳದ ಉದ್ಯಮ ಬೆಳೆಸುವ ಉದ್ದೇಶದಿಂದ ಕೆನಡದ ಕೆಲವು ಜೊತೆ ಬೀವರುಗಳನ್ನು ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪದಲ್ಲಿ ಬಿಟ್ಟಿತು. ಉದ್ಯಮ ಬೆಳೆಯಲಿಲ್ಲ, ಬೀವರ್ ಬೆಳೆಯಿತು. ಅಲ್ಲಿ ತೋಳವೂ ಇಲ್ಲ, ಕರಡಿಯೂ ಇಲ್ಲ. ಮುಖ್ಯ ಸಂಗತಿಯೆಂದರೆ ಅಲ್ಲಿನ ದಡದ ಕಾಡು ನೋಥೊಫೇಗಸ್ ಕುಲದ ಮರಗಳದು. ಉತ್ತರದ ವಿಲ್ಲೋ, ಆಸ್ಪೆನ್‌ಗಳು ಬೀವರಿನ ಹಲ್ಲಿನೊಡನೆ ಲಕ್ಷಾಂತರ ವರ್ಷ ಬಾಳಿ, ಕಡಿದಷ್ಟೂ ಚಿಗುರುವ ಗುಣವನ್ನು ಉಳಿಸಿಕೊಂಡು ಬಂದವು. ನೋಥೊಫೇಗಸ್‌ಗೆ ಅಂಥ ಪರಿಚಯವಿರಲಿಲ್ಲ. ಕಡಿದ ಮರ ಹಾಗೆ ಚಿಗುರಲಿಲ್ಲ, ಮುಳುಗಿದ ಮರ ಸತ್ತಿತು. ಅದರ ಬೀಜ ಮಣ್ಣಿನಲ್ಲಿ ಬಹುಕಾಲ ಜೀವ ಹಿಡಿದಿಡುವುದೂ ಇಲ್ಲ. ಒಡೆದ ಕೊಳಗಳ ಜಾಗದಲ್ಲಿ ಹುಲ್ಲುಗಾವಲು ಬಂದಿತು, ಅದರಲ್ಲಿ ಮೂಲಿಕೆ ಸಸ್ಯಗಳ ಜಾತಿಗಳೂ ಹೆಚ್ಚಿದವು. ಆದರೆ ಹೊಸಬರಲ್ಲಿ ಬಹಳಷ್ಟು ಯೂರೋಪಿನಿಂದ ದನಕರುಗಳೊಡನೆ ಬಂದು ಸೇರಿದ ಕಳೆಗಳು. ಜಾತಿಗಳ ಸಂಖ್ಯೆಯೊಂದನ್ನೇ ನೋಡಿ ಸಂತೋಷಪಡುವವರು ಈ ದ್ವೀಪವನ್ನು ನೆನೆಯಬೇಕು. 1990ರ ದಶಕದಲ್ಲಿ ಬೀವರ್ ಜಲಸಂಧಿ ದಾಟಿ ಚಿಲಿಯ ಮುಖ್ಯಭೂಮಿಯನ್ನೂ ತಲುಪಿತು. 2008ರಲ್ಲಿ ಅರ್ಜೆಂಟೀನ ಮತ್ತು ಚಿಲಿ ಇದನ್ನು ನಿರ್ಮೂಲ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು.

ಒಂದು ಪ್ರಾಣಿಯನ್ನು ತಂದು ಬಿಟ್ಟುದರ ಫಲ ಹೀಗಾದರೆ, ತೆಗೆದು ಹಾಕಿದುದರ ಫಲಕ್ಕೆ ಭಾರತದಲ್ಲಿಯೇ ಉದಾಹರಣೆಯುಂಟು. ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದ ಕೊಳಗಳು ಮನುಷ್ಯನೇ ಒಡ್ಡು ಹಾಕಿ ನೀರು ನಿಲ್ಲಿಸಿದವು. 1982ರಲ್ಲಿ ಅಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆ ದನಗಳ ಮೇವನ್ನು ನಿಷೇಧಿಸಲಾಯಿತು. ಅದರಿಂದೆದ್ದ ಘರ್ಷಣೆಯಲ್ಲಿ ಪೊಲೀಸರ ಗುಂಡಿಗೆ ಹಳ್ಳಿಗರು ಬಲಿಯಾದರು. ಮೇಯುವ ಬಾಯಿ ತಪ್ಪಿದ ಮೇಲೆ ಪ್ಯಾಸ್ಪಲಮ್ ಡಿಸ್ಟಿಕಮ್ ಎಂಬ ಹುಲ್ಲು ತಡೆಯಿಲ್ಲದೆ ಹಬ್ಬಿ ತೆರೆದ ನೀರನ್ನು ಮುಚ್ಚತೊಡಗಿತು. ಮೀನಿಗೂ ಹಕ್ಕಿಗಳಿಗೂ ಅನನುಕೂಲವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ನಡೆಸಿದ ಹತ್ತು ವರ್ಷಗಳ ಅಧ್ಯಯನ ಈ ಬದಲಾವಣೆಯನ್ನು ವಿವರವಾಗಿ ದಾಖಲಿಸಿತು. ಬೀವರ್ ಮತ್ತು ಎಮ್ಮೆ ಹೋಲಿಕೆಗೆ ನಿಲ್ಲುವ ಪ್ರಾಣಿಗಳಲ್ಲ. ಆದರೂ ಜೌಗುನೆಲದ ಸಸ್ಯಗಳ ಲೆಕ್ಕ ನೀರಿನಿಂದ ಮಾತ್ರ ಆಗುವುದಿಲ್ಲ, ತಿನ್ನುವ ಬಾಯಿಗಳನ್ನೂ ಎಣಿಸಬೇಕೆಂಬ ಮಾತಿಗೆ ಭರತಪುರವೂ ಜಾರ್ಜಿಯದ ಜೌಗುನೆಲವೂ ಒಂದೇ ಬಗೆಯ ಸಾಕ್ಷ್ಯ ನುಡಿಯುತ್ತವೆ.

ಬರ, ಬೆಂಕಿ, ಹಿಮ

ಹವೆಯ ವೈಪರೀತ್ಯಗಳು ಹೆಚ್ಚಿರುವ ಇತ್ತೀಚಿನ ವರ್ಷಗಳಲ್ಲಿ ಬೀವರ್ ಕೊಳಗಳನ್ನು ನೋಡುವ ದೃಷ್ಟಿಯೂ ಬದಲಾಗಿದೆ. ಕೆನಡದ ಎಲ್ಕ್ ಐಲೆಂಡ್ ರಾಷ್ಟ್ರೀಯ ಉದ್ಯಾನದ 54 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಹುಡ್ ಮತ್ತು ಬೇಲಿ ಎಂಬವರು, ಅದೇ ತಾಣಗಳಲ್ಲಿ ಬೀವರ್ ಇಲ್ಲದ ಕಾಲಕ್ಕಿಂತ ಇದ್ದ ಕಾಲದಲ್ಲಿ ತೆರೆದ ನೀರಿನ ವಿಸ್ತಾರ ಒಂಬತ್ತು ಪಟ್ಟು ಇತ್ತೆಂದು 2008ರಲ್ಲಿ ತಿಳಿಸಿದರು. ಬರಗಾಲದಲ್ಲಿ ಈ ನೀರು ಸುತ್ತಲಿನ ಸೆಡ್ಜ್ ಪಟ್ಟಿಯನ್ನು ಹಸಿರಾಗಿಟ್ಟಿತು. ಅಮೆರಿಕದ ಪಶ್ಚಿಮದ ಐದು ರಾಜ್ಯಗಳಲ್ಲಿ ಕಾಡ್ಗಿಚ್ಚು ಹಾದುಹೋದ ಹಳ್ಳಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿದ 2020ರ ಅಧ್ಯಯನದ ಪ್ರಕಾರ, ಬೀವರ್ ಇಲ್ಲದ ದಡಗಳಲ್ಲಿ ಹಸಿರಿನ ನಷ್ಟ ಬೀವರ್ ಇದ್ದ ದಡಗಳದಕ್ಕಿಂತ ಸುಮಾರು ಮೂರು ಪಟ್ಟು. ಒದ್ದೆ ನೆಲ ಉರಿಯುವುದಿಲ್ಲ ಎಂಬುದು ಸಾಮಾನ್ಯ ಜ್ಞಾನವೇ. ಅದನ್ನು ಅಳತೆಯಿಂದ ತೋರಿಸಲು ಇಷ್ಟು ಕಾಲ ಬೇಕಾಯಿತು. ಈಗ ಅಲ್ಲಿನ ಅನೇಕ ಹಳ್ಳಗಳಲ್ಲಿ ಬೀವರ್ ಬರುವ ಮುನ್ನವೇ ಜನರು ಗೂಟ ಹೊಡೆದು, ರೆಂಬೆ ಹೆಣೆದು ಬೀವರ್ ಮಾದರಿಯ ಸೋರುವ ಒಡ್ಡುಗಳನ್ನು ಕಟ್ಟುತ್ತಾರೆ. ವಿಲ್ಲೋ ಚಿಗುರಿದ ಮೇಲೆ ಬೀವರ್ ಬಂದು ಕೆಲಸವನ್ನು ವಹಿಸಿಕೊಳ್ಳಲಿ ಎಂಬುದು ಅವರ ಆಸೆ.

ರಸ್ತೆ, ಹೊಲ, ರೈಲುಹಳಿಗಳು ಮುಳುಗಿದಾಗ ದೂರುಗಳು ಬರುತ್ತವೆ, ಅವು ನ್ಯಾಯವಾದವೂ ಹೌದು. ಒಡ್ಡಿನೊಳಗೆ ಕೊಳವೆ ತೂರಿಸಿ, ಅದರ ಬಾಯಿಗೆ ಜಾಲರಿ ಹಾಕಿ, ನೀರು ಒಂದು ಮಟ್ಟಕ್ಕಿಂತ ಏರದಂತೆ ನೋಡಿಕೊಳ್ಳುವ ವಿಧಾನ ಹಲವೆಡೆ ಫಲ ಕೊಟ್ಟಿದೆ. ಕೆರೆಯ ತೂಬಿನ ತತ್ತ್ವಕ್ಕೆ ಇದು ದೂರವಲ್ಲ. ನೀರು ಹರಿಯುವ ಸದ್ದು ಕೇಳಿದರೆ ಬೀವರ್ ಅದನ್ನು ಮುಚ್ಚಲು ಧಾವಿಸುವುದರಿಂದ, ಕೊಳವೆಯ ಬಾಯನ್ನು ಒಡ್ಡಿನಿಂದ ದೂರ, ಸದ್ದಾಗದ ಆಳದಲ್ಲಿ ಇಡಬೇಕಾಗುತ್ತದೆ.

ಉತ್ತರ ಧ್ರುವದ ಸಮೀಪದ ಅಲಾಸ್ಕದಲ್ಲಿ ಇನ್ನೊಂದು ಅಧ್ಯಾಯ ತೆರೆದಿದೆ. ಮರಗಳೇ ಇಲ್ಲದ, ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣಿರುವ ಟಂಡ್ರಾ ಬಯಲಿಗೆ, ವಾತಾವರಣ ಬೆಚ್ಚಗಾಗಿ ಪೊದೆಗಳು ಬೆಳೆದಂತೆ ಬೀವರ್ ಕಾಲಿಟ್ಟಿದೆ. ಪಶ್ಚಿಮ ಅಲಾಸ್ಕದಲ್ಲಿ ಉಪಗ್ರಹದ ಚಿತ್ರಗಳಿಂದ ಗುರುತಿಸಿದ ಬೀವರ್ ಕೊಳಗಳು ಹತ್ತು ಸಾವಿರವನ್ನು ಮೀರಿವೆ. ನಿಂತ ನೀರು ತನ್ನಡಿಯ ಹೆಪ್ಪುನೆಲವನ್ನು ಕರಗಿಸುತ್ತದೆ. ಕರಗಿದ ನೆಲ ಕುಸಿಯುತ್ತದೆ. ಪಾಚಿ, ಹಾವಸೆ, ಕುಳ್ಳ ಪೊದೆಗಳಿದ್ದ ಕಡೆ ಸೆಡ್ಜ್ ಹುಲ್ಲು ಏಳುತ್ತದೆ, ಕೆಸರಿನಿಂದ ಮೀಥೇನ್ ಹೊರಬರುತ್ತದೆ. ಅಲ್ಲಿನ ಮೂಲನಿವಾಸಿಗಳಲ್ಲಿ ಕೆಲವರು ತಮ್ಮ ಮೀನಿನ ಹೊಳೆಗಳಿಗೂ ದೋಣಿಯ ದಾರಿಗಳಿಗೂ ಬಂದ ಅಡ್ಡಿಯ ಬಗ್ಗೆ ಕಳವಳಗೊಂಡಿದ್ದಾರೆ. ಈ ಕೊಳಗಳಲ್ಲಿ ಮೊದಲಿನವು ಕಾಣಿಸಿಕೊಂಡು ಕೆಲವು ದಶಕಗಳಷ್ಟೇ ಆಗಿವೆ. ಅವುಗಳ ಒಡ್ಡು ಒಡೆದು, ಕೆಸರಿನ ಬೀಜನಿಧಿಯಿಂದ ಯಾವ ಹುಲ್ಲುಗಾವಲು ಮೇಲೇಳುವುದೆಂಬುದನ್ನು ಸಂಶೋಧಕರು ಪ್ರತಿ ಬೇಸಿಗೆಯೂ ಹೋಗಿ ಗುರುತು ಹಾಕಿಕೊಳ್ಳುತ್ತಿದ್ದಾರೆ.